ಬೆಂಕಿ ಆರಿಸಲು ಎಷ್ಟು ನೀರು ಬೇಕು?



ಬೆಂಕಿ ಬಿದ್ದಾಗ ಬಾವಿ ತೋಡಿದರು ಎಂಬ ಗಾದೆ ನಮಗೆಲ್ಲ ಗೊತ್ತು. ಉರ್ದುವಿನಲ್ಲೂ ಇದೇ ಮಾತಿದೆ, 'ಆಗ್ ಲಗ್‌ನೇ ಪರ್ ಕುಆಂ ಖೋದ್‌ನಾ'. ಎರಡು ಭಾಷೆಗಳ ತರಗತಿಯಲ್ಲೂ ನಾನು ಈ ಗಾದೆಯನ್ನು ವಿಸ್ತರಿಸಿ ಬರೆಯಲು ಮಕ್ಕಳಿಗೆ ಕೊಟ್ಟಿದ್ದೇನೆ. ಎಲ್ಲರೂ ಮುಂಜಾಗ್ರತೆಯ ಬಗ್ಗೆ ಬರೆಯುತ್ತಾರೆ. ಒಮ್ಮೆ ಮಾತ್ರ ಏಳನೇ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಸರ್, ಮೊದಲೇ ತೋಡಿದ್ದರೂ ಆ ಬಾವಿಯ ನೀರು ಸಾಕಾಗುತ್ತಿತ್ತೇ?" ಎಂದು ಕೇಳಿದ. ಗಾದೆ ಮಾಡಿದವರು ಕೇಳದೇ ಬಿಟ್ಟ ಪ್ರಶ್ನೆ ಇದು. ಒಂದು ಕಟ್ಟಡಕ್ಕೆ, ಒಂದು ಬೀದಿಗೆ, ಒಂದು ಊರಿಗೆ ಬೆಂಕಿ ಬಿದ್ದರೆ ಎಷ್ಟು ನೀರು ಬೇಕು? ನಿಮಿಷಕ್ಕೆ ಎಷ್ಟು? ಎಷ್ಟು ಹೊತ್ತು? ಈ ಪ್ರಶ್ನೆಗೆ ಅಂಕಿಗಳಲ್ಲಿ ಉತ್ತರ ಹುಡುಕಲು ಮನುಷ್ಯರು ಹೊರಟದ್ದು ಬಹಳ ತಡವಾಗಿ. ಅಷ್ಟರಲ್ಲಿ ಹಲವು ಮಹಾನಗರಗಳು ಸುಟ್ಟು ಬೂದಿಯಾಗಿದ್ದವು.

ಲಂಡನ್ನಿನಿಂದ ಆರಂಭಿಸೋಣ. 1666ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಒಂದು ಬೇಕರಿಯಲ್ಲಿ ಹೊತ್ತಿದ ಬೆಂಕಿ ನಾಲ್ಕು ದಿನಗಳಲ್ಲಿ ಸುಮಾರು 13,200 ಮನೆಗಳನ್ನೂ 87 ಚರ್ಚುಗಳನ್ನೂ ನುಂಗಿತು. ಥೇಮ್ಸ್ ನದಿ ಪಕ್ಕದಲ್ಲೇ ಹರಿಯುತ್ತಿತ್ತು. ಲಂಡನ್ ಸೇತುವೆಯ ಉತ್ತರ ತುದಿಯಲ್ಲಿ ನದಿಯ ನೀರನ್ನು ಮೇಲೆತ್ತಿ ಊರಿಗೆ ಹರಿಸುವ ಜಲಚಕ್ರಗಳಿದ್ದವು. ಬೆಂಕಿ ಮೊದಲ ದಿನವೇ ಅವುಗಳನ್ನು ಸುಟ್ಟಿತು. ಬೀದಿಯ ಕೆಳಗೆ ಮರದ ದಿಮ್ಮಿಗಳನ್ನು ಕೊರೆದು ಮಾಡಿದ ಕೊಳವೆಗಳಲ್ಲಿ ನೀರಿತ್ತು. ಜನ ಗಾಬರಿಯಲ್ಲಿ ನೆಲ ಅಗೆದು, ಸಿಕ್ಕ ಸಿಕ್ಕ ಕಡೆ ಕೊಳವೆ ಕಡಿದು ಬಕೆಟ್ ತುಂಬಿಕೊಂಡರು. ಒಬ್ಬನು ಕಡಿದ ಜಾಗದಲ್ಲಿ ನೀರು ಬೀದಿಗೆ ಹರಿದುಹೋಯಿತು, ಮುಂದಿನ ಬೀದಿಯವನಿಗೆ ಹನಿಯೂ ಸಿಗಲಿಲ್ಲ. ಮುಂದೆ ಇಂಥ ಕೊಳವೆಗಳಲ್ಲಿ ಅಲ್ಲಲ್ಲಿ ಮೊದಲೇ ರಂಧ್ರ ಕೊರೆದು, ಮರದ ಬಿರಡೆ ಹಾಕಿ ಮುಚ್ಚಿಡುವ ಪದ್ಧತಿ ಬಂತು. ಬೆಂಕಿ ಬಿದ್ದಾಗ ನೆಲ ಅಗೆದು ಬಿರಡೆ ಕಿತ್ತರೆ ಸಾಕು. ಇದನ್ನು 'ಫಯರ್ ಪ್ಲಗ್' ಎಂದರು. ಇಂದಿನ ಹೈಡ್ರಂಟ್ ಎಂಬ ಬೀದಿಬದಿಯ ಕೆಂಪು ನಲ್ಲಿಯ ಅಜ್ಜ ಅದು. ನೀರು ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಹೀಗೆ ಒಂದು ಉತ್ತರ ದೊರೆಯಿತು. ಎಷ್ಟು ಎಂಬುದನ್ನು ಯಾರೂ ಲೆಕ್ಕ ಹಾಕಲಿಲ್ಲ.

ನ್ಯೂಯಾರ್ಕಿನದು ಇನ್ನೊಂದು ಬಗೆ. 1835ರ ಡಿಸೆಂಬರ್ 16ರ ರಾತ್ರಿ ಅಲ್ಲಿ ಬೆಂಕಿ ಬಿದ್ದಾಗ ಎಷ್ಟು ಚಳಿಯಿತ್ತೆಂದರೆ ಪಕ್ಕದ ಈಸ್ಟ್ ನದಿ ಹೆಪ್ಪುಗಟ್ಟಿತ್ತು. ಮಂಜುಗಡ್ಡೆ ಒಡೆದು ಎತ್ತಿದ ನೀರು ಹೋಸ್ ಪೈಪಿನೊಳಗೇ ಗಟ್ಟಿಯಾಯಿತು. 674 ಕಟ್ಟಡಗಳು ಹೋದವು. ಅಲ್ಲಿದ್ದ 26 ವಿಮಾ ಕಂಪನಿಗಳಲ್ಲಿ 23 ದಿವಾಳಿಯಾದವು. ಈ ಕೊನೆಯ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನೀರಿನ ಲೆಕ್ಕ ಹಾಕಿಸಿದವರು ಬಹುಮಟ್ಟಿಗೆ ವಿಮಾ ಕಂಪನಿಯವರೇ. ಕನಿಕರಕ್ಕಿಂತ ನಷ್ಟದ ಭಯ ಅವರನ್ನು ಲೆಕ್ಕಕ್ಕೆ ಕೂರಿಸಿತು ಎಂದರೆ ತಪ್ಪಾಗಲಾರದು. 1842ರಲ್ಲಿ ಕ್ರೋಟನ್ ನದಿಯ ನೀರನ್ನು ಕಾಲುವೆಯ ಮೂಲಕ ನ್ಯೂಯಾರ್ಕಿಗೆ ತಂದರು. ನಗರಕ್ಕೆ ಕುಡಿಯಲೂ ನೀರಾಯಿತು, ಬೆಂಕಿಗೂ ಆಯಿತು.

ಈಗ ಶಿಕಾಗೋ. ಈ ಇಡೀ ಕಥೆಯಲ್ಲಿ ನನ್ನನ್ನು ಬಹಳವಾಗಿ ಕಾಡುವುದು ಈ ಊರು. 1871ರಲ್ಲಿ ಅಲ್ಲಿಯ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. ಮನೆಗಳು ಮರದವು, ಹಲವು ಬೀದಿಗಳ ಕಾಲುದಾರಿಯೂ ಮರದ ಹಲಗೆಯದು. ಆದರೆ ನೀರಿಗೆ ಬರವಿರಲಿಲ್ಲ. ಮಿಶಿಗನ್ ಸರೋವರ ಊರಿನ ಅಂಚಿಗೇ ಇದೆ, ನೋಡಿದರೆ ಸಮುದ್ರದಂತೆ ಕಾಣುತ್ತದೆ. ದಡದ ನೀರು ಕೊಳಕಾಗಿದೆ ಎಂದು ಸರೋವರದ ತಳದ ಕೆಳಗೆ ಎರಡು ಮೈಲಿ ಸುರಂಗ ಕೊರೆದು, 1867ರಲ್ಲಿ ಶುದ್ಧ ನೀರನ್ನು ಪಂಪ್‌ಹೌಸಿಗೆ ತಂದಿದ್ದರು. ಜಗತ್ತಿನ ಎಂಜಿನಿಯರುಗಳು ಬಂದು ನೋಡಿ ಹೋಗುವಂಥ ಕೆಲಸ ಅದು. ಅಕ್ಟೋಬರ್ 8ರ ಭಾನುವಾರ ರಾತ್ರಿ ನಗರದ ನೈಋತ್ಯ ಭಾಗದ ಒಂದು ಕೊಟ್ಟಿಗೆಯಲ್ಲಿ ಬೆಂಕಿ ಕಾಣಿಸಿತು. ಹಿಂದಿನ ರಾತ್ರಿಯಷ್ಟೇ ಒಂದು ದೊಡ್ಡ ಬೆಂಕಿಯೊಂದಿಗೆ ಸೆಣಸಿ ಅಗ್ನಿಶಾಮಕ ದಳದವರು ಸೋತು ಸುಣ್ಣವಾಗಿದ್ದರು. ಗಾಳಿ ಜೋರಾಗಿತ್ತು. ಬೆಂಕಿ ನದಿಯನ್ನೇ ಹಾರಿ ದಾಟಿತು. 9ರ ಬೆಳಗಿನ ಜಾವ ಗಾಳಿಯಲ್ಲಿ ಹಾರಿ ಬಂದ ಕೊಳ್ಳಿ ಪಂಪ್‌ಹೌಸಿನ ಛಾವಣಿಗೆ ಬಿತ್ತು. ಛಾವಣಿ ಉರಿದು ಕುಸಿಯಿತು, ಪಂಪುಗಳು ನಿಂತವು. ಸ್ವಲ್ಪ ಹೊತ್ತಿನಲ್ಲಿ ನಗರದ ನಲ್ಲಿಗಳೆಲ್ಲ ಒಣಗಿದವು.

ಆಮೇಲೆ ಉರಿಯುವುದಷ್ಟೇ ಉಳಿದಿತ್ತು. 9ರ ರಾತ್ರಿ ಮಳೆ ಬಿದ್ದ ಮೇಲೆ, 10ರಂದು ಬೆಂಕಿ ತಣ್ಣಗಾಯಿತು. ಸುಮಾರು 300 ಜನ ಸತ್ತರು, 17,000ಕ್ಕೂ ಹೆಚ್ಚು ಕಟ್ಟಡ ಹೋದವು, ಒಂದು ಲಕ್ಷ ಜನ ಬೀದಿಗೆ ಬಿದ್ದರು. ಪಂಪ್‌ಹೌಸಿನ ಎದುರಿನ ಕಲ್ಲಿನ ನೀರುಗೋಪುರ ಮಾತ್ರ ಉಳಿಯಿತು. ಈಗಲೂ ಅದು ಅಲ್ಲೇ ನಿಂತಿದೆ, ಪ್ರವಾಸಿಗರು ಅದರ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಸರೋವರ ಪಕ್ಕದಲ್ಲಿದ್ದೂ ಊರು ಸುಟ್ಟಿತು. ಬೆಂಕಿಯ ಮೇಲೆ ಬೀಳದ ನೀರನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬುದು ಆ ರಾತ್ರಿ ಸಾಬೀತಾಯಿತು.

ಮರುವರ್ಷವೇ, 1872ರ ನವೆಂಬರ್ 9ರಂದು, ಬಾಸ್ಟನ್ ಸುಟ್ಟಿತು. ಅಲ್ಲಿಯ ಅಗ್ನಿಶಾಮಕ ದಳದ ಮುಖ್ಯಸ್ಥ ಜಾನ್ ಡ್ಯಾಮ್ರೆಲ್ ಶಿಕಾಗೋಗೆ ಹೋಗಿ ಬೂದಿಯ ನಡುವೆ ನಡೆದು ಬಂದಿದ್ದವರು. ವ್ಯಾಪಾರದ ಬೀದಿಗಳ ಕೆಳಗಿನ ಕೊಳವೆಗಳು ತೀರಾ ಸಣ್ಣವು, ದೊಡ್ಡವು ಹಾಕಿಸಿ ಎಂದು ಅವರು ನಗರಸಭೆಯನ್ನು ಕೇಳಿದ್ದರು. ಹಾಕಿಸಿರಲಿಲ್ಲ. ಸಾಲದ್ದಕ್ಕೆ ಆಗ ಕುದುರೆಗಳಿಗೆ ಜ್ವರ ಬಂದಿತ್ತು, ಪಂಪು ಬಂಡಿಗಳನ್ನು ಜನರೇ ಎಳೆಯಬೇಕಾಯಿತು. 776 ಕಟ್ಟಡಗಳು ಹೋದವು.

ಕೊಳವೆ ಸಣ್ಣದಾದರೆ ಏನಾಗುತ್ತದೆ? ವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ಗಮನ ಕೊಡಬೇಕು. ಕೊಳವೆಯಲ್ಲಿ ಹರಿಯುವ ನೀರು ಅದರ ಗೋಡೆಗೆ ಉಜ್ಜುತ್ತ ಹೋಗುವುದರಿಂದ ಒತ್ತಡ ಕಳೆದುಕೊಳ್ಳುತ್ತದೆ. ಅದೇ ಕೊಳವೆಯಲ್ಲಿ ಎರಡರಷ್ಟು ನೀರು ಎಳೆದರೆ ಈ ನಷ್ಟ ಸುಮಾರು ನಾಲ್ಕು ಪಟ್ಟಾಗುತ್ತದೆ. ಅಷ್ಟೇ ನೀರಿಗೆ ಕೊಳವೆಯ ವ್ಯಾಸವನ್ನು ಎರಡು ಪಟ್ಟು ಮಾಡಿದರೆ ನಷ್ಟ ಸುಮಾರು 32ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡರಲ್ಲಿ ಒಂದು ಎಂದುಕೊಂಡವರು ಮತ್ತೊಮ್ಮೆ ಓದಿ, ಮೂವತ್ತೆರಡರಲ್ಲಿ ಒಂದು. ನಾಲ್ಕು ಇಂಚಿನ ಕೊಳವೆಗೂ ಎಂಟು ಇಂಚಿನ ಕೊಳವೆಗೂ ಇರುವ ಅಂತರ ಇದು. ಮನೆಮನೆಗೆ ಕುಡಿಯುವ ನೀರು ಕೊಡಲು ಸಾಕಾಗುವ ಕೊಳವೆ, ನಾಲ್ಕು ಪಂಪುಗಳು ಒಟ್ಟಿಗೆ ಎಳೆದಾಗ ಕೈಕೊಡುವುದು ಈ ಕಾರಣದಿಂದ.

ಇದನ್ನೆಲ್ಲ ಅಳತೆ ಮಾಡಿ ನೋಡಿದವರಲ್ಲಿ ಮೊದಲ ಸಾಲಿನ ಹೆಸರು ಜಾನ್ ರಿಪ್ಲೆ ಫ್ರೀಮನ್ (1855–1932). ಬಟ್ಟೆ ಗಿರಣಿಗಳಿಗೆ ವಿಮೆ ಕೊಡುವ ಕಂಪನಿಗಳ ಕೂಟಕ್ಕೆ 1886ರಲ್ಲಿ ಸೇರಿದ ಎಂಜಿನಿಯರ್ ಇವರು. ಹೋಸ್ ಪೈಪು, ಅದರ ತುದಿಯ ನಾಝಲ್, ಒತ್ತಡ, ನೀರು ಹಾರುವ ಎತ್ತರ, ಎಲ್ಲವನ್ನೂ ಪ್ರಯೋಗ ಮಾಡಿ ಅಳೆದು 1889ರಲ್ಲಿ ಪ್ರಕಟಿಸಿದರು. ಒಂದು ದೊಡ್ಡ ಬೆಂಕಿಯನ್ನು ಎದುರಿಸಲು ಒಬ್ಬ ಹೋಸಿನವನ ಕೈಯಲ್ಲಿ ಎಷ್ಟು ನೀರಿರಬೇಕು? ಫ್ರೀಮನ್ ಕೊಟ್ಟ ಉತ್ತರ ನಿಮಿಷಕ್ಕೆ 250 ಗ್ಯಾಲನ್, ಅಂದರೆ 946 ಲೀಟರ್. ನಾಝಲ್ಲಿನ ಬಾಯಿ ಒಂದೂಕಾಲು ಇಂಚಿಗೂ ಕಡಿಮೆ. ನಮ್ಮ ಮನೆಗಳ ಮೇಲಿರುವ ಸಾವಿರ ಲೀಟರಿನ ಕಪ್ಪು ಟ್ಯಾಂಕನ್ನು ನೆನಪಿಸಿಕೊಳ್ಳಿ. ಒಂದು ಹೋಸು ಅದನ್ನು ಒಂದು ನಿಮಿಷ ಚಿಲ್ಲರೆಯಲ್ಲಿ ಖಾಲಿ ಮಾಡುತ್ತದೆ. ಇಲ್ಲಿಂದ ಮುಂದೆ ಪ್ರಶ್ನೆಯ ರೂಪ ಬದಲಾಯಿತು. ಈ ಊರಿಗೆ ಏಕಕಾಲದಲ್ಲಿ ಇಂಥ ಎಷ್ಟು ಹೋಸು ಬೇಕು ಎಂದು ಕೇಳುವುದು ಸಾಧ್ಯವಾಯಿತು.

ಅದಕ್ಕೆ ಸೂತ್ರ ಕೊಟ್ಟವರಲ್ಲಿ ಎಮಿಲ್ ಕೂಚ್ಲಿಂಗ್ ಒಬ್ಬರು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಎಂಬ ಊರಿನ ಎಂಜಿನಿಯರ್. (ಮಳೆ ಬಂದರೆ ಚರಂಡಿಗೆ ಎಷ್ಟು ನೀರು ಬರುತ್ತದೆ ಎಂಬ ಸೂತ್ರಕ್ಕೂ ಇವರೇ ಹೆಸರಾದವರು. ನೀರು ಹೆಚ್ಚಾದಾಗಿನದೂ ಬೇಕಾದಾಗಿನದೂ ಎರಡೂ ಲೆಕ್ಕ ಇವರ ಕೈಯಲ್ಲಿತ್ತು.) ಊರಿನ ಜನಸಂಖ್ಯೆಯನ್ನು ಸಾವಿರಗಳಲ್ಲಿ ಬರೆದು, ಅದರ ವರ್ಗಮೂಲ ತೆಗೆದು, 2.8ರಿಂದ ಗುಣಿಸಿದರೆ ಬೇಕಾದ ಹೋಸುಗಳ ಸಂಖ್ಯೆ. ಒಂದೊಂದಕ್ಕೆ 250 ಗ್ಯಾಲನ್. ಆದ್ದರಿಂದ ವರ್ಗಮೂಲವನ್ನು 700ರಿಂದ ಗುಣಿಸಿದರೆ ನಿಮಿಷಕ್ಕೆ ಬೇಕಾದ ಗ್ಯಾಲನ್. ಒಂದು ಲಕ್ಷ ಜನರಿರುವ ಊರೆಂದರೆ 100 ಸಾವಿರ, ಅದರ ವರ್ಗಮೂಲ 10. ಅಲ್ಲಿಗೆ 28 ಹೋಸು, ನಿಮಿಷಕ್ಕೆ 7,000 ಗ್ಯಾಲನ್, ಸುಮಾರು 26,500 ಲೀಟರ್.

ವರ್ಗಮೂಲ ಏಕೆ, ನೇರವಾಗಿ ಜನಸಂಖ್ಯೆಗೆ ತಕ್ಕಂತೆ ಏಕಲ್ಲ ಎಂದು ನೀವು ಕೇಳಬಹುದು. ಕುಡಿಯುವ ನೀರು ತಲೆ ಎಣಿಸಿ ಬೇಕು. ಜನ ನಾಲ್ಕು ಪಟ್ಟಾದರೆ ನೀರೂ ನಾಲ್ಕು ಪಟ್ಟು. ಬೆಂಕಿ ಹಾಗಲ್ಲ. ಊರು ನಾಲ್ಕು ಪಟ್ಟು ಬೆಳೆದರೂ ಸಾಮಾನ್ಯವಾಗಿ ಒಂದು ಹೊತ್ತಿಗೆ ಒಂದೇ ದೊಡ್ಡ ಬೆಂಕಿ. ಆದರೆ ದೊಡ್ಡ ಊರಿನ ಕಟ್ಟಡಗಳು ಎತ್ತರ, ಒತ್ತೊತ್ತು, ಆದ್ದರಿಂದ ಆ ಒಂದು ಬೆಂಕಿ ಸಣ್ಣ ಊರಿನದಕ್ಕಿಂತ ದೊಡ್ಡದು. 25 ಸಾವಿರದ ಊರಿಗೆ 14 ಹೋಸು, ಒಂದು ಲಕ್ಷದ ಊರಿಗೆ 28. ಜನ ನಾಲ್ಕು ಪಟ್ಟು, ಹೋಸು ಎರಡು ಪಟ್ಟು. ಇದರ ಇನ್ನೊಂದು ಮುಖವೂ ಇದೆ. ತಲೆಯೊಂದಕ್ಕೆ ನೋಡಿದರೆ ಸಣ್ಣ ಊರಿನ ಹೊರೆಯೇ ಹೆಚ್ಚು. ಬಡ ಪುರಸಭೆಗಳಿಗೆ ಈ ಲೆಕ್ಕ ಎಂದೂ ಹಗುರವಾಗಿರಲಿಲ್ಲ.

ಅಷ್ಟರಲ್ಲಿ ಇನ್ನೆರಡು ನಗರಗಳು ಪಾಠ ಕಲಿಸಿದವು. 1904ರ ಫೆಬ್ರವರಿ 7ರಂದು ಬಾಲ್ಟಿಮೋರ್‌ನಲ್ಲಿ ಬೆಂಕಿ ಬಿದ್ದಾಗ ವಾಷಿಂಗ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕಿನಿಂದ ಪಂಪು ಬಂಡಿಗಳು ರೈಲಿನಲ್ಲಿ ಬಂದವು. ಆದರೆ ಅನೇಕರ ಹೋಸಿನ ತಿರುಪು ಬಾಲ್ಟಿಮೋರಿನ ಹೈಡ್ರಂಟಿಗೆ ಕೂರಲಿಲ್ಲ. ಸುಮಾರು 1,500 ಕಟ್ಟಡ ಹೋದವು. ಆಮೇಲೆ ಎಣಿಸಿ ನೋಡಿದರೆ ಅಮೆರಿಕದಲ್ಲಿ 600ಕ್ಕೂ ಹೆಚ್ಚು ಬಗೆಯ ತಿರುಪುಗಳಿದ್ದವಂತೆ! ವಿಮಾ ಕಂಪನಿಗಳ ರಾಷ್ಟ್ರೀಯ ಮಂಡಳಿ (1866ರಲ್ಲೇ ಹುಟ್ಟಿದ್ದು) ಈಗ ಎಂಜಿನಿಯರುಗಳನ್ನು ಊರೂರಿಗೆ ಕಳಿಸಿತು. 1905ರಲ್ಲಿ ಅವರು ಸ್ಯಾನ್‌ಫ್ರಾನ್ಸಿಸ್ಕೋ ನೋಡಿ, ಈ ಊರು ಇದುವರೆಗೂ ಸುಡದೆ ಉಳಿದಿರುವುದೇ ಆಶ್ಚರ್ಯ ಎಂಬ ಅರ್ಥದ ವರದಿ ಕೊಟ್ಟರು. ಮರುವರ್ಷ ಏಪ್ರಿಲ್ 18ರ ಮುಂಜಾನೆ ಭೂಕಂಪವಾಗಿ ನೆಲದೊಳಗಿನ ಕೊಳವೆಗಳು ನೂರಾರು ಕಡೆ ಮುರಿದವು, ಆಮೇಲೆ ಬೆಂಕಿ ಮೂರು ದಿನ ಉರಿಯಿತು. ಸಮುದ್ರದ ನೀರನ್ನು ಬಳಸುವ ಪ್ರತ್ಯೇಕ ಕೊಳವೆ ಜಾಲ ಬೇಕೆಂದು ಹಿಂದೆಯೇ ಕೇಳಿದ್ದ ಅಗ್ನಿಶಾಮಕ ಮುಖ್ಯಸ್ಥ ಡೆನ್ನಿಸ್ ಸಲಿವನ್ ಅದೇ ಭೂಕಂಪದಲ್ಲಿ ಗಾಯಗೊಂಡು ತೀರಿಕೊಂಡರು. ಅವರು ಕೇಳಿದ್ದನ್ನು ಆಮೇಲೆ ಕಟ್ಟಿದರು. ಬೀದಿಗಳ ಕೆಳಗೆ ಕಟ್ಟಿದ ನೀರಿನ ತೊಟ್ಟಿಗಳೂ ಅಲ್ಲಿವೆ. ರಸ್ತೆಯ ಮೇಲೆ ಇಟ್ಟಿಗೆಯ ದೊಡ್ಡ ವೃತ್ತ ಕಂಡರೆ ಅದರ ಕೆಳಗೆ ತೊಟ್ಟಿಯಿದೆ ಎಂದರ್ಥ.

ಆ ಮಂಡಳಿ 1910ರ ಸುಮಾರಿಗೆ ತನ್ನದೇ ಸೂತ್ರವನ್ನು ಬಳಕೆಗೆ ತಂದಿತು. ಕೂಚ್ಲಿಂಗರ 700ರ ಜಾಗದಲ್ಲಿ 1,020, ಮತ್ತು ಊರು ಬೆಳೆದಂತೆ ಅದನ್ನು ಸ್ವಲ್ಪ ತಗ್ಗಿಸುವ ಒಂದು ಆವರಣ. ಒಂದು ಲಕ್ಷದ ಊರಿಗೆ ಇದು ನಿಮಿಷಕ್ಕೆ ಸುಮಾರು 9,000 ಗ್ಯಾಲನ್ ಎನ್ನುತ್ತದೆ. ಇದಕ್ಕಿಂತ ಮುಖ್ಯವಾದದ್ದು ಅವಧಿ. ಅಂಥ ಊರು ಈ ಪ್ರಮಾಣದಲ್ಲಿ ಹತ್ತು ಗಂಟೆ ನೀರು ಕೊಡಬಲ್ಲದಾಗಿರಬೇಕು ಎಂದು ಮಂಡಳಿ ಕೇಳಿತು. ಗುಣಿಸಿ ನೋಡಿ, ಎರಡು ಕೋಟಿ ಲೀಟರ್ ದಾಟುತ್ತದೆ. ಕೊಡಲಾಗದ ಊರಿನಲ್ಲಿ ವಿಮೆಯ ಕಂತು ಹೆಚ್ಚು. ಊರಿನವರು ಕೊಳವೆ ದೊಡ್ಡದು ಮಾಡಿಸಲು ಈ ಒಂದು ಕಾರಣ ನೂರು ಉಪದೇಶಗಳಿಗಿಂತ ಹೆಚ್ಚು ಕೆಲಸ ಮಾಡಿತು.

ಇಲ್ಲೊಂದು ಸಣ್ಣ ಪತ್ತೇದಾರಿ ಕೆಲಸ ವಿದ್ಯಾರ್ಥಿಗಳಿಗಾಗಿ. ಈ ಸೂತ್ರಗಳು ನಮ್ಮ ಎಂಜಿನಿಯರಿಂಗ್ ಪಠ್ಯಪುಸ್ತಕಗಳಲ್ಲೂ ಇವೆ, ಲೀಟರಿಗೆ ಪರಿವರ್ತಿಸಿ ಕೊಟ್ಟಿರುತ್ತಾರೆ. ಕೂಚ್ಲಿಂಗರ 700 ಅಲ್ಲಿ 3,182 ಆಗಿದೆ, ಮಂಡಳಿಯ 1,020 ಅಲ್ಲಿ 4,637 ಆಗಿದೆ. ಕ್ಯಾಲ್ಕುಲೇಟರ್ ತೆಗೆದು 700ರಿಂದ 3,182ನ್ನು ಭಾಗಿಸಿ. ಸುಮಾರು 4.546 ಬರುತ್ತದೆ. ಇದು ಬ್ರಿಟಿಷ್ ಗ್ಯಾಲನ್ನಿನ ಲೀಟರ್. ಆದರೆ ಕೂಚ್ಲಿಂಗರು ಅಮೆರಿಕದವರು, ಅವರ ಗ್ಯಾಲನ್ 3.785 ಲೀಟರ್. ಸರಿಯಾದ ಪರಿವರ್ತನೆ ಸುಮಾರು 2,650. ಇನ್ನೊಂದನ್ನೂ ಭಾಗಿಸಿ ನೋಡಿ, ಅದೇ 4.546. ಹೀಗೆ ಎರಡು ದೇಶಗಳ ಗ್ಯಾಲನ್ ಬೆರೆತು ನಮ್ಮ ಪುಸ್ತಕಗಳಲ್ಲಿ ಬೆಂಕಿಯ ನೀರು ಶೇಕಡಾ 20ರಷ್ಟು ಹೆಚ್ಚಾಗಿ ಕೂತಿದೆ. ತಪ್ಪು ಸುರಕ್ಷಿತ ದಿಕ್ಕಿನಲ್ಲಿದೆ ಎಂಬುದು ಸಮಾಧಾನ. ಪರೀಕ್ಷೆಯಲ್ಲಿ ಮಾತ್ರ ಪುಸ್ತಕದಲ್ಲಿ ಇದ್ದುದನ್ನೇ ಬರೆಯಿರಿ, ಅಂಕ ಅದಕ್ಕೇ!

ಜನಸಂಖ್ಯೆಯ ಸೂತ್ರಗಳಿಗೆ ಒಂದು ಮಿತಿಯಿದೆ. ಅವು ಊರನ್ನು ನೋಡುತ್ತವೆ, ಉರಿಯುತ್ತಿರುವ ಕಟ್ಟಡವನ್ನು ನೋಡುವುದಿಲ್ಲ. ಹತ್ತಿ ತುಂಬಿದ ಗೋದಾಮಿಗೂ ಕಲ್ಲಿನ ಕಚೇರಿಗೂ ಒಂದೇ ನೀರು ಸಾಕೇ? 1970ರ ದಶಕದಲ್ಲಿ ಅಮೆರಿಕದ ವಿಮಾ ಸೇವಾ ಸಂಸ್ಥೆ ಕಟ್ಟಡದ ಒಟ್ಟು ನೆಲವಿಸ್ತೀರ್ಣದ ವರ್ಗಮೂಲವನ್ನು 18ರಿಂದಲೂ, ಕಟ್ಟಿದ ಸಾಮಗ್ರಿಗೆ ತಕ್ಕ ಒಂದು ಗುಣಾಂಕದಿಂದಲೂ ಗುಣಿಸುವ ಸೂತ್ರ ತಂದಿತು. ಮರದ ಕಟ್ಟಡಕ್ಕೆ ಗುಣಾಂಕ 1.5, ಬೆಂಕಿ ತಡೆಯುವ ಕಟ್ಟಡಕ್ಕೆ 0.6. ಹತ್ತು ಸಾವಿರ ಚದರ ಅಡಿಯ ಮರದ ಕಟ್ಟಡಕ್ಕೆ ನಿಮಿಷಕ್ಕೆ 2,700 ಗ್ಯಾಲನ್, ಅಷ್ಟೇ ವಿಸ್ತೀರ್ಣದ ಗಟ್ಟಿ ಕಟ್ಟಡಕ್ಕೆ 1,080. ಕಟ್ಟುವಾಗ ಆರಿಸಿದ ಸಾಮಗ್ರಿಯೇ ಎರಡೂವರೆ ಪಟ್ಟು ನೀರನ್ನು ಉಳಿಸುತ್ತದೆ, ಇಲ್ಲವೇ ಕೇಳುತ್ತದೆ.

ಇಷ್ಟೂ ಹೊತ್ತು ನೀರಿನ ಲೆಕ್ಕ ದೊಡ್ಡದಾಗುತ್ತಲೇ ಬಂತು. ಅದನ್ನು ತಲೆಕೆಳಗು ಮಾಡಿದವರೂ ಇದ್ದಾರೆ. ಒಂದು ಲೀಟರ್ ನೀರು ಕುದಿದು ಪೂರ್ತಿ ಆವಿಯಾದರೆ ಸುಮಾರು 1,700 ಲೀಟರ್ ಜಾಗ ತುಂಬುತ್ತದೆ. ತಣ್ಣೀರನ್ನು ಕುದಿಬಿಂದುವಿಗೆ ಏರಿಸಲು ಬೇಕಾಗುವ ಶಾಖಕ್ಕಿಂತ ಅದನ್ನು ಆವಿಯಾಗಿಸಲು ಬೇಕಾಗುವ ಶಾಖ ಆರು ಪಟ್ಟಿಗೂ ಹೆಚ್ಚು. ಅಂದರೆ ನೆಲದ ಮೇಲೆ ಹರಿದುಹೋದ ನೀರು ಬಹುಪಾಲು ವ್ಯರ್ಥ, ಆವಿಯಾದ ನೀರೇ ನಿಜವಾದ ಕೆಲಸಗಾರ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಡಗಿನ ಬೆಂಕಿ ಆರಿಸುವ ತರಬೇತಿ ಕೊಡುತ್ತಿದ್ದ ಲಾಯ್ಡ್ ಲೇಮನ್, ಮುಚ್ಚಿದ ಕೋಣೆಯೊಳಗೆ ನೀರನ್ನು ಮಂಜಿನಂತೆ ಚಿಮುಕಿಸಿದರೆ ಅತಿ ಕಡಿಮೆ ನೀರು ಸಾಕೆಂದು ಕಂಡರು. ಅಯೋವಾ ರಾಜ್ಯ ವಿಶ್ವವಿದ್ಯಾಲಯದ ಕೀತ್ ರಾಯರ್ ಮತ್ತು ಬಿಲ್ ನೆಲ್ಸನ್ ಪರೀಕ್ಷೆಗೆಂದೇ ಬೆಂಕಿ ಹಚ್ಚಿ, ಅಳೆದು, 1959ರಲ್ಲಿ ಒಂದು ಸರಳ ಸೂತ್ರ ಪ್ರಕಟಿಸಿದರು: ಕೋಣೆಯ ಘನಅಡಿಯನ್ನು ನೂರರಿಂದ ಭಾಗಿಸಿ, ಬಂದ ಸಂಖ್ಯೆ ನಿಮಿಷಕ್ಕೆ ಬೇಕಾದ ಗ್ಯಾಲನ್, ಅದೂ ಅರ್ಧ ನಿಮಿಷ ಮಾತ್ರ.

ನಿಮ್ಮ ತರಗತಿ ಕೋಣೆಯನ್ನೇ ಅಳೆಯಿರಿ. 30 ಅಡಿ ಉದ್ದ, 20 ಅಡಿ ಅಗಲ, 10 ಅಡಿ ಎತ್ತರ ಎಂದುಕೊಳ್ಳೋಣ. 6,000 ಘನಅಡಿ. ನೂರರಿಂದ ಭಾಗಿಸಿದರೆ 60 ಗ್ಯಾಲನ್, ಅರ್ಧ ನಿಮಿಷಕ್ಕೆ 30 ಗ್ಯಾಲನ್, ಅಂದರೆ ಸುಮಾರು 114 ಲೀಟರ್. ಹತ್ತು ಕೊಡದಷ್ಟು! ಆದರೆ ಇದಕ್ಕೆ ಷರತ್ತುಗಳಿವೆ. ಬೆಂಕಿ ಇನ್ನೂ ಒಂದೇ ಕೋಣೆಯಲ್ಲಿರಬೇಕು, ನೀರು ಸಣ್ಣ ಹನಿಗಳಾಗಿ ಕೋಣೆಯ ತುಂಬ ಬೀಳಬೇಕು, ಹಿಡಿಯುವವನಿಗೆ ತರಬೇತಿ ಇರಬೇಕು. ಜ್ವಾಲೆಯನ್ನು ಬಗ್ಗಿಸಲು ಇಷ್ಟು ಸಾಕು, ಆಮೇಲೆ ಕೆಂಡ ಆರಿಸಲು ಇನ್ನಷ್ಟು ಬೇಕು. ಒಳಗೆ ಮನುಷ್ಯರಿದ್ದರೆ ಆ ಬಿಸಿ ಆವಿಯೇ ಅವರಿಗೆ ಅಪಾಯ ಎಂಬುದನ್ನೂ ಮರೆಯುವಂತಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಕೇಂದ್ರ ಸಾರ್ವಜನಿಕ ಆರೋಗ್ಯ ಮತ್ತು ಪರಿಸರ ಎಂಜಿನಿಯರಿಂಗ್ ಸಂಸ್ಥೆ 1999ರಲ್ಲಿ ತಂದ ನೀರು ಸರಬರಾಜು ಕೈಪಿಡಿಯಲ್ಲಿ, 50 ಸಾವಿರಕ್ಕಿಂತ ಹೆಚ್ಚು ಜನರಿರುವ ಊರುಗಳಿಗೆ ಒಂದು ಸೂತ್ರವಿದೆ. ಜನಸಂಖ್ಯೆಯನ್ನು ಸಾವಿರಗಳಲ್ಲಿ ಬರೆದು, ವರ್ಗಮೂಲ ತೆಗೆದು, ನೂರರಿಂದ ಗುಣಿಸಿ. ಬರುವುದು ದಿನವೊಂದಕ್ಕೆ ಬೆಂಕಿಗಾಗಿ ಎತ್ತಿಡಬೇಕಾದ ಕಿಲೋಲೀಟರ್. ಒಂದು ಲಕ್ಷದ ಊರಿಗೆ ಸಾವಿರ ಕಿಲೋಲೀಟರ್, ಅಂದರೆ ಹತ್ತು ಲಕ್ಷ ಲೀಟರ್. ಕೇಳಲು ದೊಡ್ಡದು. ಆದರೆ ಕೂಚ್ಲಿಂಗರ ನಿಮಿಷಕ್ಕೆ 26,500 ಲೀಟರಿನಿಂದ ಭಾಗಿಸಿ ನೋಡಿ, ಸುಮಾರು 38 ನಿಮಿಷ. ಎರಡೂ ಸೂತ್ರಗಳಲ್ಲಿ ಅದೇ ವರ್ಗಮೂಲ ಇರುವುದರಿಂದ ಊರು ಕಲಬುರ್ಗಿಯಾಗಲಿ, ಮಂಗಳೂರಾಗಲಿ, ಉತ್ತರ ಬದಲಾಗದು, ಅದೇ 38 ನಿಮಿಷ. ಅಮೆರಿಕದ ಮಂಡಳಿ ಕೇಳಿದ್ದು ಹತ್ತು ಗಂಟೆ.

ಇದನ್ನು ಓದಿ ನಮ್ಮ ಎಂಜಿನಿಯರುಗಳನ್ನು ದೂರುವುದು ಸರಿಯಲ್ಲ. ಅಮೆರಿಕದ ಊರುಗಳು ಮರದವು, ನಮ್ಮವು ಬಹುಪಾಲು ಕಲ್ಲು, ಇಟ್ಟಿಗೆ, ಕಾಂಕ್ರೀಟಿನವು. ಬೀದಿಗೆ ಬೀದಿಯೇ ಹೊತ್ತಿ ಹೋಗುವ ಸಂಭವ ಕಡಿಮೆ. ಮೂರು ದಿನಕ್ಕೊಮ್ಮೆ ನಲ್ಲಿ ಬರುವ ಊರಿನಲ್ಲಿ ಬೆಂಕಿಗೆಂದು ಎರಡು ಕೋಟಿ ಲೀಟರ್ ಎತ್ತಿಡಿ ಎಂದು ಯಾರಿಗೆ ಹೇಳುವುದು? ನಲ್ಲಿಯಲ್ಲೇ ನೀರಿಲ್ಲದಿದ್ದರೆ ಹೈಡ್ರಂಟಿನಲ್ಲಿ ಎಲ್ಲಿಂದ ಬರಬೇಕು? ಆದ್ದರಿಂದ ನಮ್ಮಲ್ಲಿ ಅಗ್ನಿಶಾಮಕ ವಾಹನವೇ ನೀರನ್ನು ಹೊತ್ತು ತರುತ್ತದೆ. ಸಾಮಾನ್ಯವಾಗಿ ನಾವು ಕಾಣುವ ಗಾಡಿಯಲ್ಲಿ 4,500 ಲೀಟರ್ ಇರುತ್ತದೆ. ಫ್ರೀಮನ್ನರ ಒಂದು ಹೋಸಿಗೆ ಅದು ಐದು ನಿಮಿಷಕ್ಕೂ ಸಾಲದು. ಅಯೋವಾ ಲೆಕ್ಕದಲ್ಲಿ ಒಂದು ಕೋಣೆಗೆ ಅದು ಧಾರಾಳ. ನನಗೆ ತೋರುವಂತೆ ನಮ್ಮ ಇಡೀ ವ್ಯವಸ್ಥೆ ಗೊತ್ತಿದ್ದೋ ಗೊತ್ತಿಲ್ಲದೆಯೋ ಅಯೋವಾದ ಷರತ್ತಿನ ಮೇಲೆ ನಿಂತಿದೆ: ಬೆಂಕಿ ಒಂದೇ ಕೋಣೆಯಲ್ಲಿರುವಾಗಲೇ ಗಾಡಿ ಬಂದು ಮುಟ್ಟಬೇಕು. ಕರೆ ಹೋಗುವುದು ಹತ್ತು ನಿಮಿಷ ತಡವಾದರೆ, ಗಲ್ಲಿಯ ಬಾಯಲ್ಲಿ ನಿಲ್ಲಿಸಿದ ಆಟೋ, ತಳ್ಳುಗಾಡಿಗಳ ನಡುವೆ ವಾಹನ ಸಿಕ್ಕಿಕೊಂಡರೆ ಬೆಂಕಿ ಫ್ರೀಮನ್ನರ ಲೆಕ್ಕಕ್ಕೆ ದಾಟಿಬಿಡುತ್ತದೆ. ಆ ಲೆಕ್ಕಕ್ಕೆ ಬೇಕಾದ ನೀರು ಊರಿನಲ್ಲಿಲ್ಲ.

ಇನ್ನು ಯಾವ ಸೂತ್ರವೂ ಮುಟ್ಟದ ಸಂಗತಿಯೊಂದಿದೆ. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯೊಂದರ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ತರಗತಿಗಳ ಮೇಲಿನ ಗರಿಯ ಛಾವಣಿಗೆ ಹಬ್ಬಿ 94 ಮಕ್ಕಳು ಸತ್ತರು. ನಾವು ಶಿಕ್ಷಕರು ಆ ಸಂಖ್ಯೆಯನ್ನು ಹಾಜರಿ ಪುಸ್ತಕದ ಲೆಕ್ಕದಲ್ಲಿ ಓದುತ್ತೇವೆ, ಅದು ಎರಡು ತರಗತಿ. ಒಣಗಿದ ಗರಿ ಉರಿದು ತಲೆಯ ಮೇಲೆ ಬೀಳುವ ವೇಗದ ಮುಂದೆ ಅಗ್ನಿಶಾಮಕ ವಾಹನದಲ್ಲಿ ಎಷ್ಟು ನೀರಿತ್ತು ಎಂಬ ಪ್ರಶ್ನೆಗೆ ಅರ್ಥವಿಲ್ಲ. ಛಾವಣಿ ಯಾವುದರದು, ಮೆಟ್ಟಿಲು ಎಷ್ಟು, ಬಾಗಿಲು ಹೊರಕ್ಕೆ ತೆರೆಯುತ್ತದೆಯೇ, ಅಡುಗೆಮನೆ ತರಗತಿಗೆ ಎಷ್ಟು ಹತ್ತಿರ ಎಂಬ ಲೆಕ್ಕ ನೀರಿನ ಲೆಕ್ಕಕ್ಕಿಂತ ಮೊದಲಿನದು. ನಮ್ಮ ಶಾಲೆ, ಹಾಸ್ಟೆಲುಗಳ ಆಡಳಿತ ಸಮಿತಿಯ ಸದಸ್ಯರೂ ಈ ಸಂಚಿಕೆಯನ್ನು ಓದುತ್ತಾರೆಂದು ಇಷ್ಟು ಬರೆದೆ. ಸಂಪಿನಲ್ಲಿ ಎಷ್ಟು ಲೀಟರ್ ಇದೆ, ಕರೆಂಟು ಹೋದಾಗ ಅದನ್ನು ಮೇಲೆತ್ತುವುದು ಹೇಗೆ ಎಂದು ಒಮ್ಮೆ ಕೇಳಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಶಿಕಾಗೋದ ಪಂಪು ನಿಂತದ್ದನ್ನು ನೀವು ಈಗಷ್ಟೇ ಓದಿದ್ದೀರಿ.

ಆ 1999ರ ಕೈಪಿಡಿಯಲ್ಲಿ ಸೂತ್ರದ ಕೆಳಗೇ ಇನ್ನೂ ಒಂದು ಮಾತಿದೆ. ಬೆಂಕಿಗೆಂದು ಲೆಕ್ಕ ಹಾಕಿದ ನೀರಿನಲ್ಲಿ ಮೂರರಲ್ಲಿ ಒಂದು ಪಾಲು ಊರಿನ ಸರಬರಾಜು ಟ್ಯಾಂಕುಗಳಲ್ಲಿರಲಿ, ಉಳಿದ ಎರಡು ಪಾಲನ್ನು ಆಯಕಟ್ಟಿನ ಜಾಗಗಳಲ್ಲಿ ತೊಟ್ಟಿ ಕಟ್ಟಿ ತುಂಬಿಡಿ, ಸಾಧ್ಯವಿರುವಲ್ಲಿ ಹತ್ತಿರದ ಕೆರೆ, ಹಳ್ಳ, ಕಾಲುವೆಗಳಿಂದ ಟ್ಯಾಂಕರಿನಲ್ಲಿ ತಂದು ತುಂಬಿಸಿ ಎಂದು. ಕೆರೆ ಎಂದಾಗ ನನಗೆ ಬೆಂಗಳೂರು ನೆನಪಾಗುತ್ತದೆ. ಚಿಕ್ಕಪೇಟೆ, ಬಳೇಪೇಟೆ, ಅಕ್ಕಿಪೇಟೆಗಳ ಬಟ್ಟೆ, ಕಾಗದ, ಪ್ಲಾಸ್ಟಿಕ್ ಅಂಗಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುವ ಗಲ್ಲಿಗಳನ್ನು ನೀವು ಕಂಡಿರಬಹುದು. ಅವುಗಳಿಗೆ ತೀರ ಹತ್ತಿರದ ದೊಡ್ಡ ಕೆರೆ ಧರ್ಮಾಂಬುಧಿ. ಅದರ ಅಂಗಳದಲ್ಲಿ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣವಿದೆ.